ಮಾಡ್ ತೆಗೆಯುವ ಮುನ್ನ ಸೇವ್ ಉಳಿಸಿಕೊಳ್ಳಿ: ಸ್ಕೈರಿಮ್ ಆಡುವವರಿಗೆ

ಮಾಡ್ ಅಂದರೆ ಆಟಕ್ಕೆ ಹೊಸದೇನನ್ನಾದರೂ ಸೇರಿಸಲು, ಇದ್ದದ್ದನ್ನು ಬದಲಿಸಲು ಆಟಗಾರರೇ ಮಾಡಿದ ಫೈಲುಗಳು. ಒಂದೇ ಒಂದು ಮಾಡ್ ತೆಗೆದು ನಾನು ಮೂರು ವಾರದ ಗಳಿಕೆ ಕಳೆದುಕೊಂಡಿದ್ದೇನೆ. ಸ್ಕೈರಿಮ್‌ನಲ್ಲಿ ಕಾಡಿನ ನಡುವೆ ಒಂದು ಚೆಂದದ ಮನೆ ಸೇರಿಸುವ ಮಾಡ್ ಅದು. ಸಿಕ್ಕಿದ್ದನ್ನೆಲ್ಲ ಆ ಮನೆಯ ಪೆಟ್ಟಿಗೆಯಲ್ಲೇ ಇಡುತ್ತಿದ್ದೆ. ಡ್ರ್ಯಾಗನ್ ಪ್ರೀಸ್ಟ್‌ಗಳ ಎಂಟು ಮುಖವಾಡ, ಮದ್ದಿನ ಸೀಸೆಗಳು, ನಾನೇ ಕುಲುಮೆಯಲ್ಲಿ ಮಾಡಿಕೊಂಡ ಕತ್ತಿಗಳು. ಆಟ ಯಾಕೋ ತಡವರಿಸುತ್ತಿದೆ ಅನ್ನಿಸಿ ಒಂದು ರಾತ್ರಿ ಮಾಡ್‌ಗಳ ಪಟ್ಟಿಯಲ್ಲಿ ಆ ಮಾಡ್‌ನ ಟಿಕ್ ತೆಗೆದೆ. ಮತ್ತೆ ಆಟ ತೆರೆದಾಗ ಮನೆ ಇರಲಿಲ್ಲ. ಅದು ಗೊತ್ತಿದ್ದದ್ದೇ. ಮನೆಯ ಜೊತೆ ಪೆಟ್ಟಿಗೆ ಹೋಗುತ್ತದೆ, ಪೆಟ್ಟಿಗೆಯ ಜೊತೆ ಸಾಮಾನೂ ಹೋಗುತ್ತದೆ ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಬೇರೆಲ್ಲಾದರೂ ಬಿದ್ದಿದೆಯಾ ಅಂತ ಊರಿಂದೂರಿಗೆ ಹುಡುಕಿದೆ. ಬಾಗಿಲು ದಾಟಿದಾಗೆಲ್ಲ ಆಟೋಸೇವ್ ಆಗುತ್ತಾ ಹೋಯಿತು. ಸ್ಕೈರಿಮ್ ಇಟ್ಟುಕೊಳ್ಳುವ ಆಟೋಸೇವ್ ಮೂರೇ ಮೂರು. ಹೊಸದು ಬಂದ ಹಾಗೆ ಹಳೆಯದು ಅಳಿಸಿಹೋಗುತ್ತದೆ. ಕೊನೆಗೆ ಮಾಡ್ ವಾಪಸ್ ಹಾಕಿದೆ. ಮನೆ ಬಂತು, ಪೆಟ್ಟಿಗೆ ಬಂತು, ಒಳಗೆ ಏನೂ ಇರಲಿಲ್ಲ. ನಾನೇ ಮಾಡಿಟ್ಟ ಸೇವ್ ಮೂರು ವಾರ ಹಿಂದಿನದು.

ನಿಮಗೆ ಹೀಗಾಗಬಾರದು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಪಿಸಿಯಲ್ಲಿ ಆಡುವ ಸ್ಕೈರಿಮ್ ಸ್ಪೆಷಲ್ ಎಡಿಷನ್ ಅನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಸ್ಕೈರಿಮ್ ಬಂದದ್ದು 2011ರಲ್ಲಿ, ಸ್ಪೆಷಲ್ ಎಡಿಷನ್ 2016ರಲ್ಲಿ. ಇವತ್ತಿಗೂ ಜನ ಇದಕ್ಕೆ ಹೊಸ ಮಾಡ್ ಮಾಡುತ್ತಲೇ ಇದ್ದಾರೆ. ಮಾಡ್ ತೆಗೆದಾಗ ಏನೇನು ಕೆಡಬಹುದು ಅನ್ನುವುದು ಈ ಆಟದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಮಾಡ್ ಎರಡು ಕಡೆ ಇರುತ್ತದೆ

ಇದೊಂದು ಅರ್ಥವಾದರೆ ಮಿಕ್ಕಿದ್ದೆಲ್ಲ ಸುಲಭ. ಮಾಡ್ ಹಾಕಿದಾಗ ಅದರ ಫೈಲುಗಳು ಆಟದ ಫೋಲ್ಡರ್‌ಗೆ ಬರುತ್ತವೆ. ಅದು ಒಂದು ಕಡೆ. ಆಡಿ ಸೇವ್ ಮಾಡಿದಾಗ ಆ ಮಾಡ್ ಏನೇನು ಮಾಡಿದೆ ಅನ್ನುವುದು ಸೇವ್ ಫೈಲಿನಲ್ಲೂ ಬರೆದುಕೊಳ್ಳುತ್ತದೆ. ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾವ ಕ್ವೆಸ್ಟ್ ಎಲ್ಲಿಗೆ ಬಂದಿದೆ, ಯಾವ ಸ್ಕ್ರಿಪ್ಟ್, ಅಂದರೆ ಆಟಕ್ಕೆ ಹೀಗೆ ಮಾಡು ಎಂದು ಹೇಳುವ ಸಣ್ಣ ಪ್ರೋಗ್ರಾಂ, ಅರ್ಧದಲ್ಲಿ ನಿಂತಿದೆ, ಎಲ್ಲವೂ ಅಲ್ಲಿರುತ್ತದೆ. ಇದು ಎರಡನೆಯ ಕಡೆ. ನಾವು ಟಿಕ್ ತೆಗೆದಾಗ ಖಾಲಿಯಾಗುವುದು ಮೊದಲನೆಯದು ಮಾತ್ರ. ಸೇವ್ ಫೈಲಿಗೆ ಆ ವಿಷಯ ಗೊತ್ತೇ ಇರುವುದಿಲ್ಲ.

ಬಾಡಿಗೆ ಮನೆ ಬಿಡುವಾಗ ನಾವೇನು ಮಾಡುತ್ತೇವೆ? ಸಾಮಾನು ಸಾಗಿಸುತ್ತೇವೆ, ಗ್ಯಾಸು, ಕರೆಂಟು, ಹಾಲಿನವನ ಲೆಕ್ಕ ಎಲ್ಲ ಮುಗಿಸುತ್ತೇವೆ, ಆಮೇಲೆ ಬೀಗದ ಕೈ ಕೊಡುತ್ತೇವೆ. ಬೀಗದ ಕೈ ಮೊದಲು ಕೊಟ್ಟುಬಿಟ್ಟರೆ ಸಾಮಾನು ಒಳಗೇ ಉಳಿಯುತ್ತದೆ ಅಲ್ವಾ? ಮಾಡ್ ತೆಗೆಯುವುದಕ್ಕೂ ಇದೇ ಕ್ರಮ.

ಯಾವ ಮಾಡ್ ತೆಗೆಯಬಹುದು, ಯಾವುದನ್ನು ಮುಟ್ಟಬಾರದು

ಮಾಡ್ ಒಳಗೆ ಏನಿದೆ ಅಂತ ಮೊದಲು ನೋಡಿ. ಬರೀ ಟೆಕ್ಸ್ಚರ್ ಮತ್ತು ಮೆಶ್ ಇದ್ದರೆ, ಅಂದರೆ ಕಲ್ಲಿನ ಬಣ್ಣ, ಮರದ ಆಕಾರ, ಬಟ್ಟೆಯ ನೋಟ ಬದಲಿಸುವ ಮಾಡ್ ಆದರೆ, ಯಾವಾಗ ಬೇಕಾದರೂ ತೆಗೆಯಿರಿ. ಸೇವ್ ಫೈಲಿನಲ್ಲಿ ಇವುಗಳ ಗುರುತೇ ಇರುವುದಿಲ್ಲ. ಹಳೆಯ ಬಣ್ಣ ವಾಪಸ್ ಬರುತ್ತದೆ, ಅಷ್ಟೇ.

ಪ್ಲಗಿನ್ ಇರುವ ಮಾಡ್‌ಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಇಎಸ್‌ಪಿ, ಇಎಸ್‌ಎಂ, ಇಎಸ್‌ಎಲ್ ಅನ್ನುವ ಕೊನೆಯಿರುವ ಫೈಲುಗಳೇ ಪ್ಲಗಿನ್. ಹೊಸ ಕತ್ತಿ, ಹೊಸ ಕವಚ, ಹೊಸ ಮನೆ ಇವೆಲ್ಲ ಇವುಗಳಿಂದಲೇ ಬರುವುದು. ಸ್ಕ್ರಿಪ್ಟ್ ಇಲ್ಲದ ಪ್ಲಗಿನ್ ತೆಗೆದರೆ ಅದು ಕೊಟ್ಟ ವಸ್ತುಗಳು ಮಾಯವಾಗುತ್ತವೆ. ಸಿದ್ಧತೆ ಮಾಡಿಕೊಂಡು ತೆಗೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ.

ನಿಜವಾದ ತಲೆನೋವು ಸ್ಕ್ರಿಪ್ಟ್ ಇರುವ ಮಾಡ್‌ಗಳದ್ದು. ಹಸಿವು, ಚಳಿ, ನಿದ್ದೆ ಲೆಕ್ಕ ಇಡುವಂಥವು, ಕಾದಾಟದ ರೀತಿ ಬದಲಿಸುವಂಥವು, ಸಂಗಾತಿಗಳನ್ನು ನಿಭಾಯಿಸುವಂಥವು. ಸ್ಕೈರಿಮ್‌ನ ಸ್ಕ್ರಿಪ್ಟ್ ವ್ಯವಸ್ಥೆಯ ಹೆಸರು ಪ್ಯಾಪಿರಸ್. ಓಡುತ್ತಿರುವ ಸ್ಕ್ರಿಪ್ಟ್ ಯಾವ ಹಂತದಲ್ಲಿದೆ, ಅದರ ಕೈಯಲ್ಲಿ ಯಾವ ಲೆಕ್ಕಗಳಿವೆ ಅನ್ನುವುದೆಲ್ಲ ಸೇವ್‌ಗೆ ಸೇರುತ್ತದೆ. ಪ್ಲಗಿನ್ ಹೋದ ಮೇಲೂ ಆ ಚೂರುಗಳು ಸೇವ್ ಒಳಗೆ ಅನಾಥವಾಗಿ ಉಳಿಯುತ್ತವೆ. ಕೆಲವು ಸಲ ಏನೂ ಆಗುವುದಿಲ್ಲ. ಕೆಲವು ಸಲ ಇಪ್ಪತ್ತು ಗಂಟೆ ಆಡಿದ ಮೇಲೆ ಕ್ವೆಸ್ಟ್ ಮುಂದೆ ಹೋಗುವುದಿಲ್ಲ, ಸೇವ್ ಲೋಡ್ ಆಗುವುದಿಲ್ಲ. ತಕ್ಷಣ ಕಾಣದಿರುವುದೇ ಇದರ ಅಪಾಯ.

ಇಲ್ಲಿ ನನ್ನ ಮಾತು ಖಡಾಖಂಡಿತ. ದೊಡ್ಡ ಸ್ಕ್ರಿಪ್ಟ್ ಮಾಡ್ ಇಷ್ಟವಾಗದಿದ್ದರೆ ಈಗಿನ ಆಟ ಮುಗಿಯುವ ತನಕ ಇಟ್ಟುಕೊಳ್ಳಿ, ಇಲ್ಲವೇ ಅದನ್ನು ಹಾಕುವ ಮುಂಚಿನ ಸೇವ್‌ಗೆ ಹಿಂದಿರುಗಿ. ನಡುವೆ ಕೀಳಬೇಡಿ. ನಿಮ್ಮ ಪಾತ್ರವೇ ಮಾಡ್‌ನಿಂದ ಬಂದ ಜನಾಂಗದ್ದಾದರೆ ಅದನ್ನಂತೂ ಮುಟ್ಟಲೇಬೇಡಿ.

ಮಾಡ್ ಮಾಡಿದವರು ಅದರ ಪುಟದಲ್ಲಿ ತೆಗೆಯುವ ಬಗೆ ಬರೆದಿದ್ದರೆ ಅದೇ ಮೊದಲ ಪ್ರಮಾಣ. ನಾನು ಇಲ್ಲಿ ಹೇಳುವುದಕ್ಕೂ ಅವರು ಹೇಳುವುದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತು ಕೇಳಿ.

ಮೊದಲು ಸೇವ್ ನಕಲು

ಸೇವ್‌ಗಳು ಇರುವುದು ಡಾಕ್ಯುಮೆಂಟ್ಸ್ ಫೋಲ್ಡರ್‌ನ ಒಳಗೆ, ಮೈ ಗೇಮ್ಸ್, ಅದರೊಳಗೆ ಸ್ಕೈರಿಮ್ ಸ್ಪೆಷಲ್ ಎಡಿಷನ್, ಅದರೊಳಗೆ ಸೇವ್ಸ್. ಅಲ್ಲಿ ಕಾಣದಿದ್ದರೆ ಒನ್‌ಡ್ರೈವ್ ಒಳಗಿನ ಡಾಕ್ಯುಮೆಂಟ್ಸ್ ನೋಡಿ. ಎಷ್ಟೋ ಜನರ ವಿಂಡೋಸ್ ಕಂಪ್ಯೂಟರಿನಲ್ಲಿ ಡಾಕ್ಯುಮೆಂಟ್ಸ್ ಅಲ್ಲಿಗೆ ಹೋಗಿ ಕೂತಿರುತ್ತದೆ.

ಎಸ್‌ಕೆಎಸ್‌ಇ ಅಂದರೆ ಸ್ಕ್ರಿಪ್ಟ್ ಎಕ್ಸ್‌ಟೆಂಡರ್, ಎಷ್ಟೋ ಮಾಡ್‌ಗಳಿಗೆ ಬೇಕಾಗುವ ಹೆಚ್ಚುವರಿ ಸಾಧನ. ಅದನ್ನು ಬಳಸುವವರಿಗೆ ಒಂದೊಂದು ಸೇವ್‌ಗೂ ಎರಡೆರಡು ಫೈಲ್ ಕಾಣುತ್ತವೆ. ಹೆಸರು ಒಂದೇ, ಕೊನೆ ಬೇರೆ. ಒಂದು ಇಎಸ್‌ಎಸ್, ಇನ್ನೊಂದು ಎಸ್‌ಕೆಎಸ್‌ಇ. ಎರಡೂ ಜೋಡಿ ಎತ್ತುಗಳ ಹಾಗೆ, ಒಂದನ್ನು ಬಿಟ್ಟು ಒಂದನ್ನು ನಕಲು ಮಾಡಬೇಡಿ. ಬೇರೆ ಫೋಲ್ಡರ್‌ನಲ್ಲಿ, ಸಾಧ್ಯವಾದರೆ ಪೆನ್‌ಡ್ರೈವ್‌ನಲ್ಲಿ, ತಾರೀಕು ಹಾಕಿ ಇಡಿ. ಎರಡು ನಿಮಿಷದ ಕೆಲಸ ಇದು. ಇದಿಲ್ಲದೆ ಮುಂದಿನ ಯಾವ ಹೆಜ್ಜೆಯನ್ನೂ ಶುರು ಮಾಡಬೇಡಿ.

ಆಮೇಲೆ ಆಟದ ಸೆಟ್ಟಿಂಗ್ಸ್‌ಗೆ ಹೋಗಿ ಆಟೋಸೇವ್‌ಗಳನ್ನು ಆಫ್ ಮಾಡಿ. ಪ್ರಯಾಣದಲ್ಲಿ, ನಿದ್ದೆಯಲ್ಲಿ, ಕಾಯುವಾಗ ಅಂತ ಬೇರೆ ಬೇರೆ ಇವೆ. ಕೆಲಸ ಮುಗಿಯುವ ತನಕ ಎಲ್ಲವೂ ಬಂದ್ ಇರಲಿ.

ಆಟದೊಳಗೆ ಮನೆ ಖಾಲಿ ಮಾಡುವುದು

ಇದನ್ನು ಅವಸರದಲ್ಲಿ ಮಾಡಬೇಡಿ. ಅರ್ಧ ಗಂಟೆ ಇಟ್ಟುಕೊಳ್ಳಿ.

1. ಆ ಮಾಡ್‌ನ ಮನೆ, ಪೆಟ್ಟಿಗೆ, ಚೀಲ ಎಲ್ಲದರಿಂದ ನಿಮ್ಮ ಸಾಮಾನು ಹೊರಗೆ ತನ್ನಿ. ಮೂಲ ಆಟದ್ದೇ ಆದ ಮನೆಗೆ, ಉದಾಹರಣೆಗೆ ವೈಟ್‌ರನ್ ಊರಿನ ಬ್ರೀಜ್‌ಹೋಮ್‌ಗೆ ಸಾಗಿಸಿ. ಗೋಡೆಗೆ ತೂಗುಹಾಕಿದ ಕತ್ತಿ, ಗೊಂಬೆಗೆ ತೊಡಿಸಿದ ಕವಚ ಮರೆತುಹೋಗುತ್ತವೆ, ನೆನಪಿರಲಿ.

2. ಆ ಮಾಡ್ ಕೊಟ್ಟ ಆಯುಧ, ಬಟ್ಟೆ, ಉಂಗುರ ಮೈಮೇಲಿದ್ದರೆ ಕಳಚಿ. ಮಾರಿಬಿಟ್ಟರೂ ಆಯಿತು.

3. ಆ ಮಾಡ್‌ನ ಸಂಗಾತಿ ಜೊತೆಗಿದ್ದರೆ ಅವರಿಗೆ ಕೊಟ್ಟ ನಿಮ್ಮ ವಸ್ತುಗಳನ್ನು ವಾಪಸ್ ಪಡೆದು, ಕಳಿಸಿಕೊಡಿ. ಸುಮ್ನೆ ದೂರ ಬಿಟ್ಟು ಬಂದರೆ ಸಾಲದು. ಮಾತಾಡಿಸಿ, ಬೀಳ್ಕೊಡುವ ಆಯ್ಕೆಯನ್ನೇ ಆರಿಸಬೇಕು.

4. ಆ ಮಾಡ್‌ನ ಕ್ವೆಸ್ಟ್ ಅರ್ಧದಲ್ಲಿದ್ದರೆ ಮುಗಿಸಿ. ಮಂತ್ರದ ಪ್ರಭಾವ ಮೈಮೇಲಿದ್ದರೆ ಇಳಿಯುವ ತನಕ ಕಾಯಿರಿ.

5. ಆಟದ ಮೆನುಗಳನ್ನು ಬದಲಿಸುವ ಸ್ಕೈಯುಐ ಅನ್ನುವ ಮಾಡ್ ಹಾಕಿಕೊಂಡವರಿಗೆ ಮೆನುವಿನಲ್ಲಿ ಮಾಡ್ ಕಾನ್ಫಿಗರೇಶನ್ ಅನ್ನುವ ಜಾಗ ಸಿಗುತ್ತದೆ. ಅಲ್ಲಿ ಆ ಮಾಡ್‌ನ ಹೆಸರಿನಡಿ ಆಫ್ ಮಾಡುವ, ನಿಲ್ಲಿಸುವ ಅಥವಾ ಅನ್‌ಇನ್‌ಸ್ಟಾಲ್‌ಗೆ ಸಿದ್ಧ ಮಾಡುವ ಗುಂಡಿ ಇದೆಯಾ ನೋಡಿ. ಇದ್ದರೆ ಒತ್ತಿ, ಮೆನು ಪೂರ್ತಿ ಮುಚ್ಚಿ. ಎಷ್ಟೋ ಮಾಡ್‌ಗಳು ಮೆನು ಮುಚ್ಚಿದ ಮೇಲೆಯೇ ಕೆಲಸ ಶುರು ಮಾಡುವುದು. ಮೆನು ಮುಚ್ಚಿ ಒಂದು ನಿಮಿಷ ಸುಮ್ಮನೆ ನಿಲ್ಲಿ.

6. ಈಗ ಮೂಲ ಆಟದ ಯಾವುದಾದರೂ ಸಣ್ಣ ಒಳಕೋಣೆಗೆ ಹೋಗಿ. ಆ ಮಾಡ್ ಮುಟ್ಟದ ಜಾಗ ಆಗಿರಬೇಕು. ಟಿ ಕೀ ಒತ್ತಿ 24 ಗಂಟೆ ಕಾಯಿರಿ. ಆಮೇಲೆ ಹೊಸ ಸೇವ್ ಮಾಡಿ. ಹಳೆಯದರ ಮೇಲೆ ಬರೆಯಬೇಡಿ. ಆಟದಿಂದ ಪೂರ್ತಿ ಹೊರಗೆ ಬನ್ನಿ, ಡೆಸ್ಕ್‌ಟಾಪ್ ಕಾಣುವ ತನಕ.

ಈಗ ಫೋಲ್ಡರ್ ಕಡೆಯಿಂದ

ಟಿಕ್ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮಾಡ್ ಮೇಲೆ ಬೇರೆ ಯಾವುದು ನಿಂತಿದೆ? ಎರಡು ಮಾಡ್‌ಗಳನ್ನು ಹೊಂದಿಸಲು ಪ್ಯಾಚ್ ಹಾಕಿರುತ್ತೇವೆ. ಪ್ಯಾಚ್‌ಗೆ ಎರಡೂ ಮಾಸ್ಟರ್‌ಗಳೇ, ಅಂದರೆ ಅವಿಲ್ಲದೆ ಅದು ನಡೆಯುವುದಿಲ್ಲ. ಒಂದು ಮಾಸ್ಟರ್ ಹೋದರೂ ಮೆನು ಬರುವ ಮೊದಲೇ ಆಟ ಕ್ರ್ಯಾಶ್ ಆಗಿ ಮುಚ್ಚಿಕೊಳ್ಳುತ್ತದೆ. ಮಾಡ್ ತೆಗೆದ ಕೂಡಲೇ ಆಟ ತೆರೆಯುವುದೇ ಇಲ್ಲ ಅನ್ನುವವರ ಪೈಕಿ ಜಾಸ್ತಿ ಜನರದ್ದು ಇದೇ ಕಥೆ. ಮಾಡ್‌ಗಳನ್ನು ಹಾಕಲು, ತೆಗೆಯಲು ಮ್ಯಾನೇಜರ್ ಅನ್ನುವ ಸಾಧನಗಳಿವೆ. ಅವುಗಳಲ್ಲೊಂದಾದ ಮಾಡ್ ಆರ್ಗನೈಜರ್ 2ರಲ್ಲಿ ಬಲಗಡೆಯ ಪಟ್ಟಿಯಲ್ಲಿ ಅಂಥ ಪ್ಲಗಿನ್ ಪಕ್ಕ ಎಚ್ಚರಿಕೆಯ ಗುರುತು ಬರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಯಾವ ಮಾಸ್ಟರ್ ಇಲ್ಲ ಅಂತ ಹೇಳುತ್ತದೆ. ವೋರ್ಟೆಕ್ಸ್ ಅನ್ನುವ ಇನ್ನೊಂದು ಮ್ಯಾನೇಜರ್ ಕೂಡ ತಿಳಿಸುತ್ತದೆ. ಪ್ಯಾಚ್ ಮೊದಲು ತೆಗೆಯಿರಿ, ಮಾಡ್ ಆಮೇಲೆ.

ಮಾಡ್ ಆರ್ಗನೈಜರ್‌ನಲ್ಲಿ ಎಡಗಡೆಯ ಪಟ್ಟಿಯಲ್ಲಿ ಟಿಕ್ ತೆಗೆದರೆ ಸಾಕು. ಅದು ಆಟದ ಡೇಟಾ ಫೋಲ್ಡರ್‌ಗೆ ನಿಜವಾಗಿ ಏನನ್ನೂ ತುಂಬುವುದಿಲ್ಲ. ಆಟ ಓಡುವಾಗ ಮಾತ್ರ ಫೈಲುಗಳು ಅಲ್ಲಿವೆ ಅನ್ನುವ ಹಾಗೆ ತೋರಿಸುತ್ತದೆ. ವೋರ್ಟೆಕ್ಸ್ ರೀತಿ ಬೇರೆ. ಅದು ಹಾರ್ಡ್ ಲಿಂಕ್ ಮೂಲಕ ಫೈಲುಗಳನ್ನು ಆಟದ ಫೋಲ್ಡರ್‌ಗೇ ಜೋಡಿಸುತ್ತದೆ. ಹಾಗಾಗಿ ಅಲ್ಲಿ ಡಿಸೇಬಲ್ ಮಾಡಿ, ಡಿಪ್ಲಾಯ್ ಒತ್ತಬೇಕು. ಆಗಲೇ ಬದಲಾವಣೆ ಆಟಕ್ಕೆ ತಲುಪುವುದು. ವೋರ್ಟೆಕ್ಸ್ ಅನ್ನೇ ಕಂಪ್ಯೂಟರಿನಿಂದ ತೆಗೆಯುವ ಮನಸ್ಸಿದ್ದರೆ ಮೊದಲು ಪರ್ಜ್ ಒತ್ತಿ. ಇಲ್ಲದಿದ್ದರೆ ಫೈಲುಗಳು ಆಟದ ಫೋಲ್ಡರ್‌ನಲ್ಲೇ ಉಳಿದುಬಿಡುತ್ತವೆ, ತೆಗೆಯಲು ಯಾರೂ ಇರುವುದಿಲ್ಲ.

ಯಾವ ಮ್ಯಾನೇಜರ್ ಕೂಡ ಇಲ್ಲದೆ, ಜಿಪ್ ಬಿಚ್ಚಿ ಡೇಟಾ ಫೋಲ್ಡರ್‌ಗೆ ಸುರಿದವರಿಗೆ ಕೆಲಸ ಜಾಸ್ತಿ. ಅದೇ ಜಿಪ್ ಮತ್ತೆ ತೆರೆದು, ಒಳಗಿನ ಫೈಲುಗಳ ಪಟ್ಟಿ ನೋಡಿಕೊಂಡು, ಒಂದೊಂದಾಗಿ ಅಳಿಸಬೇಕು. ಸ್ಕ್ರಿಪ್ಟ್ಸ್ ಫೋಲ್ಡರ್ ಮರೆಯಬೇಡಿ. ಪ್ಲಗಿನ್ ಅಳಿಸಿ ಸ್ಕ್ರಿಪ್ಟ್ ಫೈಲ್ ಬಿಟ್ಟರೆ ಸೇವ್ ಒಳಗಿನ ಅನಾಥ ಚೂರುಗಳು ಅದನ್ನು ಹಿಡಿದುಕೊಂಡು ಓಡುತ್ತಲೇ ಇರಬಹುದು. ಇದು ಮುಗಿದ ಮೇಲೆ ದಯವಿಟ್ಟು ಒಂದು ಮ್ಯಾನೇಜರ್ ಹಾಕಿಕೊಳ್ಳಿ. ನನ್ನ ಒಲವು ಮಾಡ್ ಆರ್ಗನೈಜರ್ ಕಡೆಗೆ. ಆಟದ ಫೋಲ್ಡರ್ ಸ್ವಚ್ಛವಾಗಿ ಉಳಿಯುತ್ತದೆ ಅನ್ನುವ ಒಂದೇ ಕಾರಣ ನನಗೆ ಸಾಕು.

ಇನ್ನೊಂದು ಸಂಗತಿ. ನೆಮೆಸಿಸ್, ಬಾಡಿಸ್ಲೈಡ್, ಡಿನ್‌ಡಿಒಎಲ್‌ಒಡಿ ಥರದ ಸಾಧನಗಳು ನಿಮ್ಮ ಮಾಡ್ ಪಟ್ಟಿ ನೋಡಿ ಹೊಸ ಫೈಲುಗಳನ್ನು ತಯಾರಿಸುತ್ತವೆ. ಪಟ್ಟಿ ಬದಲಾದರೆ ಆ ಫೈಲುಗಳು ಹಳಸುತ್ತವೆ. ಅನಿಮೇಶನ್ ಮಾಡ್ ತೆಗೆದು ನೆಮೆಸಿಸ್ ಮತ್ತೆ ಓಡಿಸದಿದ್ದರೆ ಊರಿನವರೆಲ್ಲ ಎರಡೂ ಕೈ ಚಾಚಿ, ಬೆದರುಗೊಂಬೆಗಳ ಹಾಗೆ ನಿಂತ ನಿಲುವಲ್ಲೇ ಜಾರುತ್ತಾ ಓಡಾಡುವುದನ್ನು ನೋಡಬೇಕಾಗುತ್ತದೆ. ನೋಡಿ ಗಾಬರಿ ಬೇಡ. ನೆಮೆಸಿಸ್ ತೆರೆದು ಮತ್ತೊಮ್ಮೆ ಓಡಿಸಿದರೆ ಸರಿಹೋಗುತ್ತದೆ.

ಮೊದಲ ಸಲ ತೆರೆದಾಗ

ಹೊಸದಾಗಿ ಮಾಡಿದ ಆ ಸೇವ್ ಲೋಡ್ ಮಾಡಿ. ಪರದೆಯ ಮೇಲೆ ಒಂದು ಸಂದೇಶ ಬರುತ್ತದೆ. ಈ ಸೇವ್‌ಗೆ ಬೇಕಾದ ಕೆಲವು ಸಂಗತಿಗಳು ಈಗಿಲ್ಲ, ಕೆಲವು ವಸ್ತುಗಳು ಸಿಗದಿರಬಹುದು, ಮುಂದುವರಿಯಲೇ ಅಂತ ಕೇಳುತ್ತದೆ. ನೀವೇ ತೆಗೆದ ಮಾಡ್ ಬಗ್ಗೆ ಇದು ಬಂದರೆ ಹೌದು ಅನ್ನಿ. ನೀವು ಏನೂ ತೆಗೆಯದೆ ಇದು ಬಂದರೆ ಮಾತ್ರ ಬೇಡ ಅಂದು ಹೊರಗೆ ಬನ್ನಿ. ಯಾವುದೋ ಪ್ಲಗಿನ್ ತಾನಾಗಿ ಆಫ್ ಆಗಿದೆ ಅಂತ ಅರ್ಥ. ಆ ಸ್ಥಿತಿಯಲ್ಲಿ ಸೇವ್ ಮಾಡಿದರೆ ಕಳೆದದ್ದು ಕಳೆದೇ ಹೋಯಿತು.

ಒಳಗೆ ಹೋದ ಮೇಲೆ ಮತ್ತೆ 24 ಗಂಟೆ ಕಾದು, ಇನ್ನೊಂದು ಹೊಸ ಸೇವ್ ಮಾಡಿ ಹೊರಬನ್ನಿ.

ರೀಸೇವರ್ ಎಂಬ ಪೊರಕೆ

ಫಾಲ್‌ರಿಮ್ ಟೂಲ್ಸ್ ಅನ್ನುವ ಕಟ್ಟಿನಲ್ಲಿ ರೀಸೇವರ್ ಅಂತ ಒಂದು ಸಾಧನ ಬರುತ್ತದೆ. ಸೇವ್ ಫೈಲಿನ ಒಳಗನ್ನು ತೆರೆದು ತೋರಿಸುತ್ತದೆ. ಕೊನೆಯದಾಗಿ ಮಾಡಿದ ಸೇವ್ ಅದರಲ್ಲಿ ತೆರೆಯಿರಿ. ಎರಡು ಲೆಕ್ಕ ನೋಡಿ. ಅನ್‌ಅಟ್ಯಾಚ್ಡ್ ಇನ್‌ಸ್ಟನ್ಸ್ ಅಂದರೆ ಯಾವ ವಸ್ತುವಿಗೂ ಅಂಟಿಕೊಂಡಿರದ ಸ್ಕ್ರಿಪ್ಟ್ ಚೂರುಗಳು. ಅನ್‌ಡಿಫೈನ್ಡ್ ಎಲಿಮೆಂಟ್ ಅಂದರೆ ಮೂಲ ಫೈಲೇ ಇಲ್ಲವಾದವು. ಕ್ಲೀನ್ ಮೆನುವಿನಲ್ಲಿ ಎರಡನ್ನೂ ತೆಗೆಯುವ ಆಯ್ಕೆಗಳಿವೆ. ತೆಗೆದು, ಬೇರೆ ಹೆಸರಿನಲ್ಲಿ ಉಳಿಸಿ, ಆ ಹೊಸ ಸೇವ್ ಅನ್ನು ಆಟದಲ್ಲಿ ತೆರೆದು ನೋಡಿ.

ಅಷ್ಟಕ್ಕೇ ನಿಲ್ಲಿಸಿ. ಮಿಕ್ಕ ಗುಂಡಿಗಳನ್ನು ಗೊತ್ತಿಲ್ಲದೆ ಒತ್ತಬೇಡಿ. ಇದೊಂದು ಪೊರಕೆ. ಬಿದ್ದ ಕಸ ಗುಡಿಸುತ್ತದೆ, ಒಡೆದ ಗೋಡೆ ಕಟ್ಟಿಕೊಡುವುದಿಲ್ಲ. ರೀಸೇವರ್ ಇದೆಯಲ್ಲ ಎಂದು ದೊಡ್ಡ ಸ್ಕ್ರಿಪ್ಟ್ ಮಾಡ್‌ಗಳನ್ನು ಧೈರ್ಯವಾಗಿ ಕಿತ್ತುಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕೆಡುವ ಮೊದಲೇ ಸಂಭಾಳಿಸುವುದು

ಒಂದು ಸಲಕ್ಕೆ ಒಂದೇ ಮಾಡ್ ಹಾಕಿ, ಒಂದೇ ಮಾಡ್ ತೆಗೆಯಿರಿ. ಹತ್ತು ಒಟ್ಟಿಗೆ ಹಾಕಿ ಆಟ ಮುಚ್ಚಿಕೊಂಡರೆ ಯಾವುದರ ತಪ್ಪು ಅಂತ ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ.

ಮಾಡ್ ಆರ್ಗನೈಜರ್‌ನಲ್ಲಿ ಪ್ರೊಫೈಲ್ ಅನ್ನುವ ಅನುಕೂಲ ಇದೆ. ಹೊಸ ಮಾಡ್ ಪರೀಕ್ಷೆಗೆ ಬೇರೆ ಪ್ರೊಫೈಲ್ ಮಾಡಿಕೊಳ್ಳಿ. ಆ ಪ್ರೊಫೈಲ್‌ಗೆ ಸೇವ್‌ಗಳು ಪ್ರತ್ಯೇಕ ಇರಲಿ ಅನ್ನುವ ಆಯ್ಕೆಯನ್ನೂ ಆನ್ ಮಾಡಿ. ಹೊಸ ಪಾತ್ರದಲ್ಲಿ ಒಂದೆರಡು ಗಂಟೆ ಆಡಿ ನೋಡಿ, ಹಿಡಿಸಿದರೆ ಮಾತ್ರ ನಿಜವಾದ ಆಟಕ್ಕೆ ತನ್ನಿ. ನನ್ನ ಆಟದಲ್ಲಿ ಈಗ ನಡುವೆ ಮಾಡ್ ತೆಗೆಯುವ ಪ್ರಸಂಗವೇ ಬರುವುದಿಲ್ಲ, ಇದೊಂದು ಅಭ್ಯಾಸದಿಂದ.

ಮಾಡ್ ಅಪ್‌ಡೇಟ್ ಕೂಡ ಒಂದು ಥರ ತೆಗೆದು ಹಾಕುವುದೇ. ಹೊಸ ಆವೃತ್ತಿಗೆ ಹೊಸ ಆಟ ಬೇಕು ಅಂತ ಬರೆದಿದ್ದರೆ ನಡೆಯುತ್ತಿರುವ ಆಟದಲ್ಲಿ ಹಾಕಬೇಡಿ. ಪ್ಲಗಿನ್ ಮಿತಿ 254 ದಾಟುತ್ತದೆ ಅಂತ ಕೆಲವರು ಇಎಸ್‌ಪಿ ಫೈಲುಗಳಿಗೆ ಇಎಸ್‌ಎಲ್ ಗುರುತು ಹಾಕುತ್ತಾರೆ. ಅದನ್ನು ಆಟ ಶುರು ಮಾಡುವ ಮೊದಲೇ ಮಾಡಬೇಕು. ನಡುವೆ ಮಾಡಿದರೆ ಒಳಗಿನ ವಸ್ತುಗಳ ಗುರುತು ಸಂಖ್ಯೆ ಬದಲಾಗುತ್ತದೆ. ಸೇವ್ ಪಾಲಿಗೆ ಆ ಮಾಡ್ ಹೋದಂತೆಯೇ.

ಆಟವೇ ಅಪ್‌ಡೇಟ್ ಆದಾಗಲೂ ತೊಂದರೆ. ಎಸ್‌ಕೆಎಸ್‌ಇ ಮತ್ತು ಆಟದ ಆವೃತ್ತಿ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಆಟ ತೆರೆಯುವುದಿಲ್ಲ, ಒಂದು ಸಂದೇಶ ಬರುತ್ತದೆ. ಇಂಥ ದಿನ ಸಿಟ್ಟಿಗೆ ಮಾಡ್‌ಗಳನ್ನು ತೆಗೆಯಬೇಡಿ, ತಪ್ಪು ಅವುಗಳದ್ದಲ್ಲ. ಹೊಂದುವ ಎಸ್‌ಕೆಎಸ್‌ಇ ಬರುವ ತನಕ ಕಾಯಿರಿ. ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್‌ಗೆ ಹೋಗಿ, ಆಟ ತೆರೆದಾಗ ಮಾತ್ರ ಅಪ್‌ಡೇಟ್ ಆಗಲಿ ಅಂತ ಆರಿಸಿ, ಆಟವನ್ನು ಯಾವಾಗಲೂ ಎಸ್‌ಕೆಎಸ್‌ಇ ಲೋಡರ್‌ನಿಂದಲೇ ತೆರೆಯಿರಿ.

ಬೇರೆ ಆಟ ಆಡುವವರಿಗೆ ಎರಡು ಮಾತು

ಸ್ಟಾರ್‌ಡ್ಯೂ ವ್ಯಾಲಿ ಆಡುವವರು ನಿರಾಳ. ಅಲ್ಲಿ ಸ್ಮ್ಯಾಪಿ ಅನ್ನುವ ಲೋಡರ್ ಸೇವ್‌ಗಳ ನಕಲನ್ನು ತಾನೇ ಇಡುತ್ತದೆ. ಮಾಡ್ ಫೋಲ್ಡರಿನ ಹೆಸರಿನ ಮುಂದೆ ಒಂದು ಚುಕ್ಕಿ ಹಾಕಿದರೆ ಅದು ಲೋಡ್ ಆಗುವುದಿಲ್ಲ, ಅಳಿಸುವ ಅಗತ್ಯವೇ ಇಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಎಚ್ಚರ. ಹೊಸ ಇಟ್ಟಿಗೆಗಳನ್ನು ಕೊಟ್ಟ ಮಾಡ್ ತೆಗೆದರೆ ಅವುಗಳಿಂದ ಕಟ್ಟಿದ್ದೆಲ್ಲ ಮಾಯವಾಗಿ ಅಲ್ಲಿ ಗಾಳಿ ಮಾತ್ರ ಉಳಿಯುತ್ತದೆ. ಸೇವ್ಸ್ ಒಳಗಿನ ವರ್ಲ್ಡ್ ಫೋಲ್ಡರ್ ಪೂರ್ತಿ ನಕಲು ಮಾಡಿಟ್ಟುಕೊಳ್ಳಿ. 2023ರ ಜೂನ್‌ನಲ್ಲಿ ಫ್ರ್ಯಾಕ್ಚರೈಸರ್ ಅನ್ನುವ ಮಾಲ್‌ವೇರ್ ಮೈನ್‌ಕ್ರಾಫ್ಟ್ ಮಾಡ್‌ಗಳ ಒಳಗೆ ಸೇರಿಕೊಂಡು ಹರಡಿತ್ತು. ಮೊಬೈಲ್‌ನಲ್ಲಿ ಬಸ್ ಓಡಿಸುವ ಆಟಗಳಿಗೆ ಕೆಎಸ್‌ಆರ್‌ಟಿಸಿ ಬಸ್ಸಿನ ಮಾಡ್ ಹುಡುಕುವ ತಮ್ಮಂದಿರು, ತಂಗಿಯರು ಈ ಮಾತು ನೆನಪಿಟ್ಟುಕೊಳ್ಳಿ. ಮಾಡ್ ಫೈಲಿನ ಬದಲು ಎಪಿಕೆ, ಅಂದರೆ ಇಡೀ ಆ್ಯಪ್‌ನ ಫೈಲ್ ಕೊಟ್ಟು, ಇನ್‌ಸ್ಟಾಲ್ ಮಾಡಿ ಅನ್ನುವ ಕಡೆಯಿಂದ ವಾಪಸ್ ಬನ್ನಿ.

ಎಲ್ಲ ಬೇಡ, ಹೊಸದಾಗಿ ಶುರು ಮಾಡಬೇಕು ಅಂದರೆ

ಸ್ಟೀಮ್‌ನಲ್ಲಿ ಫೈಲ್ ಪರಿಶೀಲಿಸುವ ಗುಂಡಿ ಒತ್ತಿದರೆ ಎಲ್ಲ ಮಾಡ್ ಹೋಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಲ್ಲ. ಕೆಟ್ಟ, ಕಳೆದ ಮೂಲ ಫೈಲುಗಳನ್ನು ಅದು ಸರಿ ಮಾಡುತ್ತದೆ. ನೀವು ಹೊಸದಾಗಿ ಸೇರಿಸಿದ ಫೈಲುಗಳನ್ನು ಮುಟ್ಟುವುದಿಲ್ಲ. ಅನ್‌ಇನ್‌ಸ್ಟಾಲ್ ಮಾಡಿದರೂ ಅವು ಉಳಿಯುತ್ತವೆ.

ಹಾಗಾಗಿ ಕ್ರಮ ಹೀಗಿರಲಿ. ಸೇವ್‌ಗಳನ್ನು ಹೊರಗೆ ತೆಗೆದಿಡಿ. ವೋರ್ಟೆಕ್ಸ್ ಇದ್ದರೆ ಪರ್ಜ್ ಮಾಡಿ. ಸ್ಟೀಮ್‌ನಿಂದ ಆಟ ಅನ್‌ಇನ್‌ಸ್ಟಾಲ್ ಮಾಡಿ. ಆಮೇಲೆ ಸ್ಟೀಮ್‌ಆ್ಯಪ್ಸ್, ಕಾಮನ್ ಒಳಗೆ ಹೋಗಿ ಸ್ಕೈರಿಮ್ ಫೋಲ್ಡರಿನಲ್ಲಿ ಉಳಿದದ್ದನ್ನು ನೀವೇ ಅಳಿಸಿ. ಮೈ ಗೇಮ್ಸ್ ಒಳಗಿನ ಸ್ಕೈರಿಮ್ ಫೋಲ್ಡರಿಗೆ ಬೇರೆ ಹೆಸರಿಡಿ, ಹಳೆಯ ಐಎನ್‌ಐ ಸೆಟ್ಟಿಂಗ್‌ಗಳು ಅಲ್ಲೇ ಕೂತಿರುತ್ತವೆ. ಆ್ಯಪ್‌ಡೇಟಾ, ಲೋಕಲ್ ಒಳಗಿನ ಸ್ಕೈರಿಮ್ ಫೋಲ್ಡರಿನಲ್ಲಿ ಪ್ಲಗಿನ್ ಪಟ್ಟಿಯ ಟೆಕ್ಸ್ಟ್ ಫೈಲ್ ಇದೆ, ಅದನ್ನೂ ತೆಗೆಯಿರಿ. ಮತ್ತೆ ಹಾಕುವಾಗ ಪ್ರೋಗ್ರಾಂ ಫೈಲ್ಸ್ ಒಳಗೆ ಬೇಡ, ವಿಂಡೋಸ್ ಅಲ್ಲಿ ಅನುಮತಿಯ ಕಾಟ ಕೊಡುತ್ತದೆ. ಬೇರೆ ಡ್ರೈವ್‌ನಲ್ಲಿ ಸ್ಟೀಮ್ ಲೈಬ್ರರಿ ಮಾಡಿಕೊಳ್ಳಿ. ಆಟ ಸುಮಾರು 12 ಜಿಬಿ. ಮೊಬೈಲ್ ಡೇಟಾದಲ್ಲಿ ಇಳಿಸಿಕೊಳ್ಳುವವರು ಇದಕ್ಕೆ ಕೈ ಹಾಕುವ ಮೊದಲು ಪ್ಯಾಕ್ ನೋಡಿಕೊಳ್ಳಿ.

ಇನ್‌ಸ್ಟಾಲ್ ಆದ ಮೇಲೆ ಒಂದೇ ಒಂದು ಮಾಡ್ ಇಲ್ಲದೆ, ಸ್ಟೀಮ್‌ನಿಂದಲೇ ಒಮ್ಮೆ ತೆರೆಯಿರಿ. ಐಎನ್‌ಐ ಫೈಲುಗಳು ಹೊಸದಾಗಿ ತಯಾರಾಗುತ್ತವೆ. ಮೆನು ಕಾಣಲಿ, ಹೊಸ ಆಟ ಒತ್ತಿ, ಶುರುವಿನಲ್ಲಿ ಬರುವ ಗಾಡಿ ಹೆಲ್ಗೆನ್ ಊರಿನ ಬಾಗಿಲು ದಾಟುವ ತನಕ ನೋಡಿ. ಅದು ಸರಿಯಾಗಿ ನಡೆದರೆ ಹೊರಗೆ ಬಂದು ಎಸ್‌ಕೆಎಸ್‌ಇ ಹಾಕಿ, ಮತ್ತೆ ಮೆನು ತನಕ ನೋಡಿ. ಆಮೇಲೆ ಮೊದಲ ಮಾಡ್.